ಪಕ್ಕದ ಶಾಲೆಯ ಗಂಟೆಯವರ ಸನ್ನಿಧಿಗೆ

ಆಗಸ್ಟ್ ಒಂಬತ್ತು, ಶನಿವಾರ. ಕಾಲೇಜಿನ ಮೊದಲ ಮಹಡಿ, ತಮ್ಮ ಗೋಡೆಗೆ ಮುಖಮಾಡಿರುವ ತರಗತಿ. ತಾವು ಗುರುವಾರ ಕೆಟ್ಟವರು ಇನ್ನೂ ರಿಪೇರಿಯಾಗಿಲ್ಲ.

ಮಾನ್ಯ ವಿದ್ಯುತ್ ಗಂಟೆಯವರೇ,

ಪಕ್ಕದ ಪ್ರೌಢಶಾಲೆಯ ಗೋಡೆಯ ಮೇಲೆ, ಮಳೆನೀರಿನ ಕೊಳವೆಗೂ ಪಾರಿವಾಳದ ಗೂಡಿಗೂ ನಡುವೆ ಕೆಂಪು ಬೋಗುಣಿಯಂತೆ ವಿರಾಜಮಾನರಾಗಿರುವ ತಮಗೆ, ಈ ಕಾಲೇಜಿನ ಮೊದಲ ವರ್ಷದವರ ಮಾರ್ಗದರ್ಶಿಯಾದ ನನ್ನ ಸವಿನಯ ವಂದನೆಗಳು. ಶಾಲೆ ಬಿಟ್ಟು ಬಂದ ಮಕ್ಕಳ ಕೈ ಹಿಡಿದು ಕಾಲೇಜಿಗೆ ಒಗ್ಗಿಸುವುದು ನನ್ನ ಕೆಲಸವೆಂದು ಪ್ರಾಂಶುಪಾಲರು ಹೇಳಿದ್ದರು. ಆ ಮಕ್ಕಳ ಇನ್ನೊಂದು ಕೈಯನ್ನು ತಾವು ಬಿಟ್ಟೇ ಇಲ್ಲವೆಂಬುದನ್ನು ಮಾತ್ರ ಹೇಳಿರಲಿಲ್ಲ.

ನಮ್ಮಲ್ಲಿ ಗಂಟೆ ಇಲ್ಲ. ಗಡಿಯಾರ ನೋಡಿ ಬರುವುದು, ಗಡಿಯಾರ ನೋಡಿ ಹೋಗುವುದು ಕಾಲೇಜಿನ ದೊಡ್ಡಸ್ತಿಕೆ. ಆದರೆ ತಾವು ಗೋಡೆಯಾಚೆ ಒಮ್ಮೆ ಟ್ರಿಣ್ ಎಂದರೆ ಸಾಕು, ನನ್ನ ಮೊದಲ ವರ್ಷದವರು ಅರ್ಧ ಬರೆದ ಅಕ್ಷರವನ್ನು ಅಲ್ಲೇ ಬಿಟ್ಟು ಎದ್ದು ನಿಲ್ಲುತ್ತಿದ್ದರು. ಅರ್ಥಶಾಸ್ತ್ರದ ಪ್ರಾಧ್ಯಾಪಕರು ಬೇಡಿಕೆಯ ವಕ್ರರೇಖೆಯನ್ನು ಬೋರ್ಡಿನ ಮೇಲೆ ಇಳಿಸಿ ಮುಗಿಸಿದ ಕ್ಷಣಕ್ಕೇ ತಮ್ಮ ಕರೆ ಬಂದು ಇಡೀ ತರಗತಿ ಎದ್ದಾಗ, ಅದು ಆ ರೇಖೆಗೆ ಸಂದ ಗೌರವವೆಂದು ಭಾವಿಸಿದ ಆ ಹಿರಿಯರು ಎದೆಯ ಮೇಲೆ ಸೀಮೆಸುಣ್ಣದ ಕೈ ಇಟ್ಟು ತಲೆಬಾಗಿದರು. ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ತಮ್ಮ ಮಧ್ಯಾಹ್ನದ ಕರೆಗೆ ಊಟದ ಡಬ್ಬಿಗಳು ಎಷ್ಟು ಶಿಸ್ತಾಗಿ ತೆರೆದುಕೊಂಡವೆಂದರೆ, ಆಮ್ಲ ಯಾವುದು ಉಪ್ಪಿನಕಾಯಿ ಯಾವುದು ಎಂದು ಅಟೆಂಡರ್ ಮೂಸಿ ನೋಡಿ ಬೇರ್ಪಡಿಸಬೇಕಾಯಿತು. ಇಷ್ಟು ವಿಧೇಯತೆಯನ್ನು ಯಾವ ಪ್ರಾಧ್ಯಾಪಕರೂ ಕನಸಿನಲ್ಲೂ ಕಂಡವರಲ್ಲ. ತಮಗೊಂದು ಗೌರವ ಡಾಕ್ಟರೇಟ್ ಕೊಡಬೇಕೆಂದು ನಾನು ಅಧ್ಯಾಪಕರ ಕೋಣೆಯಲ್ಲಿ ಸೂಚಿಸಿದೆ, ಯಾರೂ ನಗಲಿಲ್ಲ.

ನಾನೂ ಕೈಕಟ್ಟಿ ಕೂರಲಿಲ್ಲ. ಮಾರ್ಗದರ್ಶನದ ತರಗತಿಯಲ್ಲಿ ಗಂಟಲು ಸರಿಪಡಿಸಿಕೊಂಡು, ಇನ್ನು ಮುಂದೆ ನಿಮ್ಮ ಕಾಲ ನಿಮ್ಮದೇ ಎಂದೆ. ಅವರು ಅದನ್ನು ಬರೆದುಕೊಂಡು, ಕೆಳಗೆ ಸ್ಕೇಲಿಟ್ಟು ಗೆರೆ ಎಳೆದು, ಇದಕ್ಕೆ ಪರೀಕ್ಷೆಯಲ್ಲಿ ಎಷ್ಟು ಅಂಕ ಎಂದು ಕೇಳಿದರು.

ಇವೆಲ್ಲ ನಗುವ ಮಾತಾಯಿತು. ನಗಲಾಗದ್ದು ಒಂದಿತ್ತು. ಕಿಟಕಿಯ ಪಕ್ಕ ಕೂರುವ, ತುಟಿ ಎರಡು ಮಾಡದ ಒಬ್ಬ ಹುಡುಗಿ. ನಾವು ಅವಳನ್ನು ಪಿಸುಮಾತು ಎನ್ನುತ್ತಿದ್ದೆವು. ಶಾಲೆಯಲ್ಲಿ ಉತ್ತರ ಹೇಳಲು ಮೊದಲು ಏಳುತ್ತಿದ್ದುದು ಅವಳೇ ಅಂತೆ. ಇಲ್ಲಿ ತಾವು ಬಾರಿಸಿದಾಗ ಮಾತ್ರ ಅವಳ ಮುಖಕ್ಕೆ ಕಳೆ ಬರುತ್ತಿತ್ತು. ಬುಧವಾರ ಕಾಲೇಜು ಬಿಡುವ ಅರ್ಜಿ ಹಿಡಿದು ನನ್ನ ಮುಂದೆ ನಿಂತಳು. ನಾನು ಯಾಕೆ ಎಂದೆ. "ಇಲ್ಲಿ ನಾನು ಬಂದ್ರೂ ಒಂದೇ, ಬರದಿದ್ರೂ ಒಂದೇ ಮೇಡಂ. ಯಾರಿಗೂ ಗೊತ್ತಾಗಲ್ಲ," ಎಂದಳು. ಶುಕ್ರವಾರ ಅರ್ಜಿಗೆ ಸಹಿ ಹಾಕುವೆನೆಂದು ಒಪ್ಪಿಕೊಂಡೆ.

ಗುರುವಾರ ತಾವು, ಏನು ಸುಟ್ಟಿತೋ, ಮೂಕರಾದಿರಿ. ನನ್ನ ಪಾಠ ಮುಗಿಯಿತು. ಪುಸ್ತಕ ಮುಚ್ಚಿದೆ, ಒಬ್ಬರೂ ಏಳಲಿಲ್ಲ. ಪಾಠ ಅಷ್ಟು ಚೆನ್ನಾಗಿತ್ತೇ ಎಂದು ಒಳಗೊಳಗೇ ಹಿಗ್ಗಿದೆ. ಇನ್ನು ಹೊರಡಬಹುದು ಎಂದೆ. ಶಿಸ್ತಿನ ಪರೀಕ್ಷೆಯೇನೋ ಎಂಬಂತೆ ಎಲ್ಲರೂ ಇನ್ನಷ್ಟು ನೆಟ್ಟಗೆ ಕೂತು ಕಿಟಕಿಯ ಕಡೆ ಕಿವಿಯಿಟ್ಟರು. ಮುಂದಿನ ತರಗತಿಯ ಹಿರಿಯ ವಿದ್ಯಾರ್ಥಿಗಳು ಬಾಗಿಲಲ್ಲಿ ಜಮಾಯಿಸಿದರು. ಹಸಿವಿಗೆ ಯಾರದೋ ಹೊಟ್ಟೆ ಗುಡುಗಿತು. ಆಗ ಪಿಸುಮಾತು ಎದ್ದು ನಿಂತು, ಎರಡೂ ಕೈಗಳನ್ನು ಬಾಯಿಗೆ ಬಟ್ಟಲು ಮಾಡಿಕೊಂಡು, ಗೋಡೆಯ ಪಾರಿವಾಳಗಳು ಹಾರಿಹೋಗುವಂತೆ, "ಟ್ರಿಣ್... ಟ್ರಿಣ್... ಟ್ರಿಣ್" ಎಂದಳು.

ಕಿವಿಗೆ ಗಾಳಿ ಹೊಕ್ಕ ಕರುಗಳಂತೆ ಇಡೀ ತರಗತಿ ಹೊರಗೆ ನುಗ್ಗಿತು. ನಡುವೆ ಯಾರೋ ಅವಳ ಚೀಲ ಹೊತ್ತುಕೊಂಡಿದ್ದರು.

ಶುಕ್ರವಾರ ಅವಳು ಅರ್ಜಿಯೊಂದಿಗೆ ಬಂದಾಗ ಹಿಂದೆಯೇ ಅರ್ಧ ತರಗತಿ ಬಂದು ಕಾರಿಡಾರಿನಲ್ಲಿ ಸಾಲಾಗಿ ನಿಂತಿತು. ದಪ್ಪ ಕನ್ನಡಕದವನೊಬ್ಬ ಬಾಗಿಲಿಂದ ತಲೆ ತೂರಿಸಿ, "ಏ ಮಾರಾಯ್ತಿ, ಬೇಗ ಬಾರೇ. ನೀನು ಗಂಟೆ ಹೊಡೀದೆ ನಾವು ಊಟ ಮಾಡೋದು ಹೆಂಗೆ?" ಎಂದ. ಅವಳು ಅರ್ಜಿಯನ್ನೂ ಅವನನ್ನೂ ನೋಡಿದಳು. "ಸೋಮವಾರ ಸಂಜೆ ಸಹಿ ಹಾಕಿಸ್ಕೋತೀನಿ ಮೇಡಂ. ಇವತ್ತು ಇವ್ರನ್ನ ಊಟಕ್ಕೆ ಬಿಡಬೇಕು," ಎಂದು ನನಗೆ ಹೇಳಿದಳು, ಪಿಸುಗುಟ್ಟದೆ.

ಆದ್ದರಿಂದ ಮಾನ್ಯರೇ, ತಮ್ಮ ದನಿಯನ್ನು ತಗ್ಗಿಸಬೇಕೆಂದು ಬರೆಯಲು ಹೊರಟ ದೂರನ್ನು ಹಿಂತೆಗೆದುಕೊಂಡು, ತಾವು ದೀರ್ಘಕಾಲ, ಸಾಧ್ಯವಾದರೆ ಆಜೀವ ಪರ್ಯಂತ, ಕೆಟ್ಟೇ ಇರಬೇಕೆಂದು ಪ್ರಾರ್ಥಿಸುತ್ತೇನೆ. ಅದು ಹೆಚ್ಚಾಯಿತೆಂದರೆ ಸೋಮವಾರದ ಮಟ್ಟಿಗಾದರೂ ಆಗಬಹುದು. ಅಂದು ಬೆಳಿಗ್ಗೆ ತಮ್ಮ ಚಿಕಿತ್ಸೆಗೆ ಬರುವ ಎಲೆಕ್ಟ್ರಿಷಿಯನ್‌ನನ್ನು ಗೇಟಿನಲ್ಲೇ ಎದುರುಗೊಂಡು, ನಮ್ಮ ಕಾಲೇಜಿನಲ್ಲಿ ಚೆನ್ನಾಗಿಯೇ ತಿರುಗುತ್ತಿರುವ ಫ್ಯಾನುಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸಲು ಕರೆದೊಯ್ಯುವುದೆಂದು ತೀರ್ಮಾನಿಸಿದ್ದೇನೆ. ಫ್ಯಾನುಗಳು ಬಹಳ ಇವೆ.

ತಮ್ಮ ಮೌನದಲ್ಲಿ ಮಾತ್ರ ನಂಬಿಕೆಯಿಟ್ಟಿರುವ,
ತಮ್ಮ ವಿಶ್ವಾಸಿ,
ಮೊದಲ ವರ್ಷದವರ ಮಾರ್ಗದರ್ಶಿ

ವಿ.ಸೂ.: ನಿನ್ನೆ ಸಂಜೆ ಅವಳು ಟ್ರಿಣ್ ಎಂದು ನಮ್ಮವರನ್ನು ಮನೆಗೆ ಬಿಟ್ಟಾಗ ಗೋಡೆಯಾಚೆ ತಮ್ಮ ಶಾಲೆಯ ಒಂಬತ್ತನೆಯ ತರಗತಿಯೂ ಚೀಲ ಹೊತ್ತು ಮನೆಗೆ ಹೊರಟಿತು. ತಮ್ಮ ಹೆಡ್‌ಮಾಸ್ಟರು ಕೈಗಡಿಯಾರ ನೋಡಿಕೊಂಡು, ಇವತ್ತು ಗಂಟೆ ಸರಿಯಾದ ಸಮಯಕ್ಕೆ ಹೊಡೆಯಿತು ಎಂದರಂತೆ.