ಅಪ್ಪನೆಂಬ ಪರವಾನಗಿ

ನಾರ್ಬರ್ಟ್ ಝೀಲ್ಕೆಯ ಪೇಚಾಟಕ್ಕೆಲ್ಲ ಅವನ ತಲೆಯೇ ಕಾರಣ. ತಲೆಯೊಳಗೆ ಇದ್ದದ್ದಲ್ಲ, ತಲೆ ಆಡುತ್ತಿದ್ದದ್ದು. ಯಾರಾದರೂ ಎದುರಿಗೆ ನಿಂತು ಗಟ್ಟಿಯಾಗಿ ಒಂದು ಮಾತು ಹೇಳಿದರೆ ಸಾಕು, ಇವನಿಗೆ ಒಪ್ಪಿಗೆ ಇರಲಿ ಇಲ್ಲದಿರಲಿ, ತಲೆ ತನ್ನ ಪಾಡಿಗೆ ತಾನು ಹೂಂ ಅಂದುಬಿಡುತ್ತಿತ್ತು. ಹೀಗೆ ತಲೆಯಾಡಿಸಿಯೇ ಅವನು ದೋಣಿಯಿಲ್ಲದೆ ದೋಣಿಗೆ ವಿಮೆ ಮಾಡಿಸಿದ್ದ. ಚರ್ಚಿನ ವಾದ್ಯಮೇಳಕ್ಕೆ ಸೇರಿ, ಊದಲು ಬಾರದ ತುತ್ತೂರಿಯನ್ನು ಎರಡು ಕ್ರಿಸ್‌ಮಸ್ ಹಿಡಿದುಕೊಂಡು ನಿಂತಿದ್ದ. ಹೋದ ಭಾನುವಾರ ಟೈರ್ ಅಂಗಡಿಯ ಲೆಸ್ಟರ್ ಬಂದು, ಶುಕ್ರವಾರದ ಸಭೆಯಲ್ಲಿ ನೀನೇ ಮಾತಾಡಬೇಕು ಅಂದಾಗಲೂ ಅದು ಆಡಿತು.

ಸಭೆ ಇದ್ದದ್ದು ಕುಡಿಯುವ ವಯಸ್ಸಿನ ಬಗ್ಗೆ. ಇಪ್ಪತ್ತೊಂದು ಇರುವುದನ್ನು ನಮ್ಮ ವಿಸ್ಕಾನ್ಸಿನ್ ರಾಜ್ಯದ ಮಟ್ಟಿಗಾದರೂ ಹತ್ತೊಂಬತ್ತಕ್ಕೆ ಇಳಿಸಬೇಕು ಎಂದು ಲೆಸ್ಟರ್ ಚಳಿಗಾಲವಿಡೀ ಊರೂರು ಅಲೆದಿದ್ದ. ಹದಿನೆಂಟಕ್ಕೆ ಕೈಗೆ ಬಂದೂಕು ಕೊಟ್ಟು ಯುದ್ಧಕ್ಕೆ ಕಳಿಸುವ ಸರಕಾರ ಒಂದು ಲೋಟ ಬೀರಿಗೆ ಮಾತ್ರ ಹಿಂದೆಮುಂದೆ ನೋಡುತ್ತದೆ ಎಂಬುದು ಅವನ ವಾದ. ಆ ಕಡೆಯ ಶಾಸಕರು ನಮ್ಮೂರು ಎಲ್ಮ್ ಕ್ರೀಕ್‌ನ ಜನ ಹೂಂ ಅಂದರೆ ಮಸೂದೆ ತರುತ್ತೇನೆ, ಊಹೂಂ ಅಂದರೆ ಆ ಮಾತನ್ನೇ ಬಿಟ್ಟುಬಿಡುತ್ತೇನೆ ಎಂದಿದ್ದರು. ಲೆಸ್ಟರನಿಗೆ ಈಗ ಒಬ್ಬ ಅಪ್ಪ ಬೇಕಾಗಿದ್ದ. ಮಗನಿಗೆ ಒಂದು ಲೋಟ ಬೀರು ಸಿಗಲೆಂದು ವಾರವಾರವೂ ಬಾರಿಗೆ ಹೋಗಿ ಕೂರುವ, ಸೊಂಟ ನೋವಿನ, ಪಾಪದ ಅಪ್ಪ.

ನಾರ್ಬರ್ಟ್ ಅಂಥ ಅಪ್ಪನೇ. ನಮ್ಮ ಕಡೆಯ ಕಾನೂನು ಸ್ವಲ್ಪ ಮೆತ್ತಗಿನದು. ಇಪ್ಪತ್ತೊಂದು ತುಂಬದವನು ಒಬ್ಬನೇ ಬಂದು ಕೇಳಿದರೆ ಬೀರು ಇಲ್ಲ, ಅಪ್ಪ ಪಕ್ಕದಲ್ಲಿ ಕೂತಿದ್ದರೆ ಉಂಟು. ಡೋರೀನಳ ಬಾರಿನ ಗೋಡೆಯಲ್ಲಿ ಅವಳೇ ಕೈಯಾರೆ ಬರೆದ ಹಲಗೆಯಿತ್ತು: ‘ಇಪ್ಪತ್ತೊಂದು ತುಂಬದವರ ಜೊತೆ ಇರಬೇಕಾದವರು: ಅಪ್ಪ, ಅಮ್ಮ, ಪೋಷಕರು ಅಥವಾ’. ಅಲ್ಲಿಂದ ಮುಂದಿನದನ್ನು ಉಪ್ಪಿನಲ್ಲಿ ಹಾಕಿದ ಮೊಟ್ಟೆಗಳ ದೊಡ್ಡ ಗಾಜಿನ ಭರಣಿ ಮುಚ್ಚಿಕೊಂಡಿತ್ತು. ಅದರ ಹಿಂದೆ ಏನಿದೆಯೆಂದು ನಾರ್ಬರ್ಟ್ ಎಂದೂ ಇಣುಕಿ ನೋಡಿದವನಲ್ಲ. ಅವನಿಗೆ ಬೇಕಾದ ಪದ ಮೊದಲಲ್ಲೇ ಇತ್ತು.

ಮಗ ಗ್ಯಾವಿನ್‌ಗೆ ಹತ್ತೊಂಬತ್ತು. ವೆಲ್ಡಿಂಗ್ ಕೆಲಸ. ಪ್ರತಿ ಶುಕ್ರವಾರ ಸಂಜೆ ಅಪ್ಪ ಮಗ ಇಬ್ಬರೂ ಡೋರೀನಳ ಬಾರಿನ ತುದಿಯ ಎರಡು ಸ್ಟೂಲುಗಳ ಮೇಲೆ ಕೂತು ಕರಿದ ಮೀನು ತಿನ್ನುತ್ತಿದ್ದರು. ಗ್ಯಾವಿನ್ ತೊಟ್ಟಿಲಲ್ಲಿದ್ದಾಗಿನಿಂದ ಅವನನ್ನು ಎತ್ತಿ ಆಡಿಸಿದ ಡೋರೀನ್, ಎಂದೂ ಕಾಣದವಳ ಹಾಗೆ ಮುಖ ಬಿಗಿದುಕೊಂಡು ಬಂದು ಕೇಳುತ್ತಿದ್ದಳು.

“ಇವನು ನಿನ್ನವನಾ?”

“ನನ್ನವನೇ,” ಎನ್ನುತ್ತಿದ್ದ ನಾರ್ಬರ್ಟ್. ಆಮೇಲೆ ಅವಳು ಬೀರು ಸುರಿಯುತ್ತಿದ್ದಳು.

ನಿಜ ಹೇಳಬೇಕೆಂದರೆ ನಾರ್ಬರ್ಟನಿಗೆ ಬೀರು ಸೇರದು. ಅರ್ಧ ಲೋಟಕ್ಕೇ ಹೊಟ್ಟೆ ಉರಿಯುತ್ತಿತ್ತು. ದಿನವಿಡೀ ಹಾಲಿನ ಟ್ಯಾಂಕರ್ ಓಡಿಸಿದ ಸೊಂಟಕ್ಕೆ ಒರಗಿಲ್ಲದ ಆ ಸ್ಟೂಲು ಶಿಕ್ಷೆಯೇ ಆಗಿತ್ತು. ಆದರೂ ಶುಕ್ರವಾರ ಬಂತೆಂದರೆ ಅವನು ಬೆಳಗ್ಗೆಯೇ ಗಡ್ಡ ಹೆರೆದುಕೊಳ್ಳುತ್ತಿದ್ದ. ಹೆಂಡತಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ಗಂಡಸರಿಬ್ಬರೂ ಫ್ರಿಜ್ಜಿನ ಜೊತೆ ಮಾತಾಡಿದಷ್ಟು ಒಬ್ಬರೊಡನೊಬ್ಬರು ಆಡುತ್ತಿರಲಿಲ್ಲ. ಹಾಲು ಮುಗಿದಿದೆ, ಹಿಮ ಬಿದ್ದಿದೆ, ಅಷ್ಟೆ. ಅದೇ ಗ್ಯಾವಿನ್ ಬಾರಿನಲ್ಲಿ ಅರ್ಧ ಲೋಟ ಇಳಿಸಿದ ಮೇಲೆ ಬಾಯಿ ಬಿಡುತ್ತಿದ್ದ. ಕೆಲಸದ ಸುದ್ದಿ, ಗೆಳೆಯರ ಸುದ್ದಿ, ಈಚೀಚೆಗೆ ದನದ ಡಾಕ್ಟರ ಹತ್ತಿರ ಕೆಲಸ ಮಾಡುವ ಕೊರಿನ್ ಎಂಬ ಹುಡುಗಿಯ ಸುದ್ದಿ. ವಯಸ್ಸು ಹತ್ತೊಂಬತ್ತಕ್ಕೆ ಇಳಿದರೆ ಆ ಹುಡುಗ ಗೆಳೆಯರ ಜೊತೆ ಮೇಜಿಗೆ ಹೋಗಿ ಕೂರುತ್ತಾನೆ, ತನ್ನ ಪಕ್ಕದ ಸ್ಟೂಲು ಖಾಲಿಯಾಗುತ್ತದೆ ಎಂದು ನಾರ್ಬರ್ಟ್ ಒಳಗೊಳಗೇ ಹೆದರಿ ಹೋಗಿದ್ದ. ಹೊರಗೆ ಹೇಳಲು ನಾಚಿಕೆ.

ಶುಕ್ರವಾರ ಬೆಳಗ್ಗೆ ಗ್ಯಾವಿನ್ ಬೂಟು ಕಟ್ಟಿಕೊಳ್ಳುತ್ತ, “ಅಪ್ಪ, ಇವತ್ತು ಚೆನ್ನಾಗಿ ಮಾತಾಡು. ಇದೊಂದು ಆಗ್ಬಿಟ್ರೆ ನಿಂಗೂ ನೆಮ್ಮದಿ, ನಂಗೂ ನೆಮ್ಮದಿ,” ಎಂದ. ನಾರ್ಬರ್ಟನ ತಲೆ ಆಡಿತು. ಎದೆ ಮಾತ್ರ ಕುಸಿಯಿತು. ಮಗನಿಗೆ ತಾನೊಂದು ಹೊರೆ ಎಂದು ಅವನಿಗೆ ಅನ್ನಿಸಿಬಿಟ್ಟಿತು.

ಪೆಟ್ರೋಲ್ ಬಂಕಿನಲ್ಲಿ ಅವನು ಕಾಫಿ ತುಂಬಿಸಿಕೊಳ್ಳುತ್ತಿದ್ದಾಗ ಹಿಂದಿನಿಂದ ಯಾರೋ ತೋಳು ಹಿಡಿದರು. ಆರ್ಡಿಸ್ ಟೀಚರು. ಚಿಕ್ಕಂದಿನಲ್ಲಿ ಅವನಿಗೆ ಚರ್ಚಿನ ಭಾನುವಾರದ ಪಾಠ ಹೇಳಿಕೊಟ್ಟವರು. ಈಗ ವಯಸ್ಸು ಇಳಿಸುವುದರ ವಿರುದ್ಧ ಚರ್ಚಿನ ಹೆಂಗಸರನ್ನೆಲ್ಲ ಎತ್ತಿಕಟ್ಟುತ್ತಿದ್ದರು.

“ನಾರ್ಬರ್ಟ್, ನೀನು ಹೆಂಡದ ಪರವಾಗಿ ಭಾಷಣ ಮಾಡ್ತೀಯಂತೆ. ಹೌದೇನಪ್ಪ?”

ನಾರ್ಬರ್ಟ್ ಅತ್ತಿತ್ತ ನೋಡಿ ದನಿ ಇಳಿಸಿದ. “ಇಲ್ಲ ಟೀಚರ್. ಒಳಗೆ ನಾನು ನಿಮ್ಮ ಕಡೆ.”

ಆ ವಾರವಿಡೀ ಅವನು ಹೇಳಿದ ಒಂದೇ ನಿಜ ಅದು. ಟೀಚರ ಕಣ್ಣು ತುಂಬಿ ಬಂತು. ಅವರು ತಮ್ಮ ಕಾರಿನಿಂದ ಸಭೆಗೆಂದು ಮಾಡಿದ್ದ ನಿಂಬೆಹಣ್ಣಿನ ಸಿಹಿತಿಂಡಿಯ ತಟ್ಟೆಯೊಂದನ್ನು ತಂದು ಅವನ ಗಾಡಿಯಲ್ಲಿಟ್ಟು, ಸದ್ಯಕ್ಕೆ ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟರು. ಹಾಗೆ ಮಾತು ಕೊಟ್ಟು ನೇರವಾಗಿ ಅಂಚೆ ಕಚೇರಿಗೆ ಹೋಗಿ ಅಲ್ಲಿದ್ದವರಿಗೆಲ್ಲ ಹೇಳಿದರು.

ತಟ್ಟೆಯ ಮೇಲೆ ಟೀಚರ ಹೆಸರು ಅಂಟಿಸಿತ್ತು. ಹಾಲಿನ ಟ್ಯಾಂಕರು ಟೈರ್ ಅಂಗಡಿಯ ಮುಂದೆ ನಿಂತಾಗ ಲೆಸ್ಟರ್ ಮೊದಲು ನೋಡಿದ್ದೇ ಅದನ್ನು.

“ಆ ಹೆಂಗಸಿನ ತಟ್ಟೆ ನಿನ್ ಗಾಡೀಲಿ ಏನ್ ಮಾಡ್ತಿದೆಯಯ್ಯ?”

ನಾರ್ಬರ್ಟನಿಗೆ ಬಾಯಿಗೆ ಬಂದದ್ದೊಂದು ಸುಳ್ಳು. ಅವರ ಗುಟ್ಟು ತಿಳಿಯಲು ತಾನೇ ಒಳಗೆ ನುಗ್ಗಿದ್ದೇನೆ ಎಂದ. ಲೆಸ್ಟರ್ ಹಿರಿಹಿರಿ ಹಿಗ್ಗಿ, ಹಾಗಾದರೆ ಗುಟ್ಟೇನು ಎಂದು ಕೇಳಿದ. ಇನ್ನೊಂದು ಸುಳ್ಳು ಬೇಕಾಯಿತು. ಅವರು ಸಭೆಯಲ್ಲಿ ಎದ್ದು ನಿಂತು ಹಾಡಲಿದ್ದಾರೆ ಎಂದ. ಲೆಸ್ಟರ್ ಸ್ವಲ್ಪ ಹೊತ್ತು ಗಲ್ಲ ಕೆರೆದುಕೊಂಡ. “ಹಂಗಾದ್ರೆ ನಾವೂ ಹಾಡ್ತೀವಿ,” ಎಂದ. ಸಭೆ ಸೇರುವ ಮೊದಲೇ ಲೆಸ್ಟರನ ಕಡೆಯವರು ಹಾಡುತ್ತಾರಂತೆ ಎಂಬ ಸುದ್ದಿ ಟೀಚರ ಕಿವಿಗೂ ಬಿದ್ದು, ಅವರೂ ಹಾಡಿನ ಪುಸ್ತಕಗಳನ್ನು ಪೆಟ್ಟಿಗೆಗಟ್ಟಲೆ ತಂದರು.

ಸಭೆ ಶುರುವಾದದ್ದೇ ಹಾಡಿನಿಂದ. ಹೆಂಗಸರು ಚರ್ಚಿನ ಪ್ರಾರ್ಥನೆ ಎತ್ತಿಕೊಂಡರು. ಲೆಸ್ಟರನ ಕಡೆಯ ಗಂಡಸರಿಗೆ ಎಲ್ಲರಿಗೂ ಒಟ್ಟಿಗೆ ಬರುತ್ತಿದ್ದದ್ದು ಹುಟ್ಟುಹಬ್ಬದ ಹಾಡೊಂದೇ. ಅದನ್ನೇ ಗಂಟಲು ಹರಿಯುವಂತೆ ಹಾಡಿದರು. ಹೆಸರು ಬರುವ ಜಾಗದಲ್ಲಿ ಏನು ಹೇಳಬೇಕೆಂದು ತಿಳಿಯದೆ ಎದುರಿಗಿದ್ದ ಶಾಸಕರ ಹೆಸರು ಸೇರಿಸಿದರು. ಶಾಸಕರು ಎದ್ದು ಕೈಮುಗಿಯುವ ಹಾಗೆ ಬಗ್ಗಿ, ತಮ್ಮ ಹುಟ್ಟುಹಬ್ಬ ಅಕ್ಟೋಬರಿನಲ್ಲಿ, ಆದರೂ ಸಂತೋಷ ಎಂದರು.

ನಾರ್ಬರ್ಟನ ಹೆಸರು ಕರೆದಾಗ ಎರಡೂ ಕಡೆಯವರು ಚಪ್ಪಾಳೆ ತಟ್ಟಿದರು. ಆಮೇಲೆ ನೀವ್ಯಾಕೆ ತಟ್ಟುತ್ತೀರಿ ಎಂಬಂತೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾರ್ಬರ್ಟ್ ಮೈಕಿನ ಮುಂದೆ ನಿಂತ. ಎಡಕ್ಕೆ ಲೆಸ್ಟರ್ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದ. ಬಲಕ್ಕೆ ಟೀಚರು ಎದೆಗೆ ಕೈಯಿಟ್ಟುಕೊಂಡಿದ್ದರು. ಜೇಬಿನಲ್ಲಿ ಫೋನು ಗುಂಯ್‌ಗುಡತೊಡಗಿತು. ತೆಗೆದು ನೋಡಿದರೆ ಗ್ಯಾವಿನ್, ಸಭೆ ಏನಾಯಿತೆಂದು ಕೇಳಲು ಇರಬೇಕು. ಮಗನ ಹೆಸರು ಕಂಡದ್ದೇ ತಡ, ಬಾಯಲ್ಲಿದ್ದ ಮಾತೆಲ್ಲ ಮರೆತು ಮನಸ್ಸಿನಲ್ಲಿದ್ದದ್ದು ಹೊರಬಿತ್ತು.

“ನಂಗೆ ಬೀರು ಸೇರಲ್ಲ,” ಎಂದ ನಾರ್ಬರ್ಟ್. “ಸೊಂಟನೂ ನೋಯುತ್ತೆ. ಆದ್ರೆ ಶುಕ್ರವಾರ ಡೋರೀನ್ ಬಂದು ಇವನು ನಿನ್ನವನಾ ಅಂತಾಳೆ, ನಾನು ನನ್ನವನೇ ಅಂತೀನಿ. ವಾರದಲ್ಲಿ ಆ ಮಾತು ಹೇಳಕ್ಕೆ ನಂಗೆ ಇನ್ನೆಲ್ಲೂ ಜಾಗ ಇಲ್ಲ. ಇನ್ನೆರಡು ವರ್ಷಕ್ಕೆ ಅವನಿಗೆ ಇಪ್ಪತ್ತೊಂದಾಗುತ್ತೆ, ಆಮೇಲೆ ಹೆಂಗೂ ಹೋಗ್ತಾನೆ. ಆ ಎರಡು ವರ್ಷ ನಂಗೆ ಬಿಡಿ.”

ಅಷ್ಟು ಹೇಳಿ ಅವನು ಕೂತ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಟೀಚರು ಮೂಗು ಒರೆಸಿಕೊಂಡ ಸದ್ದು ಹಿಂದಿನ ಸಾಲಿಗೂ ಕೇಳಿಸಿತು. ಇಳಿಸುವುದು ಬೇಡ ಎನ್ನುವವರು ಕೈಯೆತ್ತಿ ಎಂದಾಗ ಹೆಂಗಸರೆಲ್ಲ ಎತ್ತಿದರು. ಅವರ ಹಿಂದೆ ರೈತನೊಬ್ಬ, ಆಮೇಲೆ ಚೀಸ್ ಕಾರ್ಖಾನೆಯವನೊಬ್ಬ, ಹೀಗೆ ಬೆಳೆದ ಗಂಡುಮಕ್ಕಳಿದ್ದ ಅಪ್ಪಂದಿರು ಬೂಟು ನೋಡಿಕೊಳ್ಳುತ್ತ ಒಬ್ಬೊಬ್ಬರಾಗಿ ಎತ್ತಿದರು. ಕೊನೆಗೆ ಎದ್ದ ಕೈ ಲೆಸ್ಟರನದು. ಅವನ ಮಗ ವೇಡ್‌ಗೆ ಇನ್ನೂ ಇಪ್ಪತ್ತು. ಶಾಸಕರು ಮಸೂದೆಯ ಮಾತು ಅಲ್ಲಿಗೆ ಬಿಟ್ಟೆ ಎಂದು ಹೇಳಿ, ನಿಂಬೆಹಣ್ಣಿನ ತಿಂಡಿ ತಿಂದು ಹೊರಟುಹೋದರು.

“ನನ್ ಕೈಲೇ ನನ್ ಬಾಯಿಗೆ ಮಣ್ಣು ಹಾಕಿಸಿದ್ಯಲ್ಲ ಮಾರಾಯ,” ಎಂದ ಲೆಸ್ಟರ್ ಹೊರಗೆ ಬಂದು. ಕಣ್ಣು ಕೆಂಪಾಗಿತ್ತು. “ಆ ವೇಡ್ ಜೊತೆ ನಾನು ಕೂತು ಮಾತಾಡಿ ಎಷ್ಟು ಕಾಲ ಆಯ್ತೋ.”

ನಾರ್ಬರ್ಟನಿಗೆ ಗೆದ್ದೆನೆಂಬ ಸಂತೋಷಕ್ಕಿಂತ ಮಗನ ಮುಖ ಹೇಗೆ ನೋಡಲಿ ಎಂಬ ಅಳುಕೇ ಹೆಚ್ಚಾಯಿತು. ಟ್ಯಾಂಕರು ಹತ್ತಿದ ಮೇಲೆ ಫೋನು ಮತ್ತೆ ಗುಂಯ್‌ಗುಟ್ಟಿತು. ಗ್ಯಾವಿನ್. ಸುದ್ದಿ ಮುಟ್ಟಿರಬೇಕು, ಬೈಯಲು ಕರೆ ಮಾಡುತ್ತಿದ್ದಾನೆ ಎಂದುಕೊಂಡು ನಾರ್ಬರ್ಟ್ ಫೋನನ್ನು ಕೈಗವಸಿನೊಳಗೆ ತುರುಕಿ, ಕೈಗವಸನ್ನು ಊಟದ ಡಬ್ಬಿಯೊಳಗಿಟ್ಟು, ಡಬ್ಬಿಯನ್ನು ಸೀಟಿನ ಕೆಳಗೆ ತಳ್ಳಿದ. ಮಧ್ಯಾಹ್ನದ ಹಾಲು ಎತ್ತಿ ಮುಗಿಸುವವರೆಗೂ ಡಬ್ಬಿ ಸೀಟಿನಡಿಯಲ್ಲಿ ಬಿಟ್ಟುಬಿಟ್ಟು ನಡುಗುತ್ತಲೇ ಇತ್ತು. ಅವನು ರೇಡಿಯೋದ ಸದ್ದು ಜಾಸ್ತಿ ಮಾಡಿದ.

ಸಂಜೆ ಡೋರೀನಳ ಬಾರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಭಾಷಣ ಕೇಳಿದ ಅಪ್ಪಂದಿರೆಲ್ಲ ಮಕ್ಕಳನ್ನು ಎಳೆದುಕೊಂಡು ಬಂದಿದ್ದರು. ಮೀನು ಕರಿದ ಹೊಗೆಯ ನಡುವೆ ಡೋರೀನ್ ಓಡಾಡಿ ಸುಸ್ತಾಗಿದ್ದಳು. ನಾರ್ಬರ್ಟ್ ತನ್ನ ಮಾಮೂಲಿ ಸ್ಟೂಲಿನಲ್ಲಿ ಕೂತು, ಪಕ್ಕದ್ದರ ಮೇಲೆ ಮಗನಿಗೆಂದು ಟೋಪಿ ಇಟ್ಟು ಕಾಯುತ್ತಿದ್ದ. ಬೈದರೆ ಬೈಯಲಿ, ಬೈಯುವುದಕ್ಕಾದರೂ ಪಕ್ಕದಲ್ಲಿ ಕೂರಲೇಬೇಕಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದ.

ಗ್ಯಾವಿನ್ ಬಂದ. ಟೈ ಕಟ್ಟಿಕೊಂಡು ಬಂದಿದ್ದ. ಜೊತೆಗೆ ಕೊರಿನ್. ತೆಳು ಹಳದಿ ಬಣ್ಣದ ಉಡುಪು, ಕಾಲಲ್ಲಿ ಕೆಸರು ಮೆತ್ತಿದ ಬೂಟು. ಹುಡುಗಿಯನ್ನು ಪರಿಚಯ ಮಾಡಿಸಲು ಕರೆತಂದಿದ್ದಾನೆ, ಹಾಗಾದರೆ ಸಿಟ್ಟಿಲ್ಲ ಎಂದು ನಾರ್ಬರ್ಟನ ಜೀವ ಹಗುರವಾಯಿತು. ಟೋಪಿ ತೆಗೆದು ಮಗನನ್ನು ಕೂರಿಸಿದ. ಹುಡುಗಿ ನಿಂತಿರುವುದು ಸರಿಯಲ್ಲವೆಂದು ತನ್ನ ಸ್ಟೂಲನ್ನೂ ಅವಳಿಗೆ ಬಿಟ್ಟುಕೊಟ್ಟು ತಾನು ಹಿಂದೆ ನಿಂತ.

ಡೋರೀನ್ ಕೈ ಒರೆಸಿಕೊಳ್ಳುತ್ತ ಬಂದು ಮುಖ ಬಿಗಿದುಕೊಂಡಳು. “ಇವನು ನಿನ್ನವನಾ?”

ನಾರ್ಬರ್ಟ್ ಎದೆಯುಬ್ಬಿಸಿ ಬಾಯಿ ತೆರೆದ.

“ನನ್ನವನು,” ಎಂದಳು ಕೊರಿನ್. ಕೈಯೆತ್ತಿ ಉಂಗುರ ತೋರಿಸಿದಳು.

ಡೋರೀನ್ ಬಗ್ಗಿ ಉಂಗುರ ನೋಡಿದಳು. ಆಮೇಲೆ ಎರಡೂ ಕೈಯಿಂದ ಮೊಟ್ಟೆಯ ಭರಣಿಯನ್ನು ಪಕ್ಕಕ್ಕೆ ಸರಿಸಿ, ತಾನೇ ಬರೆದದ್ದನ್ನು ತಾನೇ ಗಟ್ಟಿಯಾಗಿ ಓದಿದಳು. “ಅಪ್ಪ, ಅಮ್ಮ, ಪೋಷಕರು ಅಥವಾ ಕೈಹಿಡಿದವರು.” ಕೊರಿನ್‌ಗೆ ಇಪ್ಪತ್ತೊಂದು ತುಂಬಿದೆಯೋ ಇಲ್ಲವೋ ಎಂದು ವಯಸ್ಸು ಕೇಳಿದಳು. ಇಪ್ಪತ್ತಮೂರು. ಡೋರೀನ್ ಬೀರು ಸುರಿದಳು.

“ಎಷ್ಟು ಸಲ ಫೋನ್ ಮಾಡ್ದೆ ಅಪ್ಪ, ನೀನು ಎತ್ತಲೇ ಇಲ್ಲ,” ಎಂದ ಗ್ಯಾವಿನ್. ದನಿಯಲ್ಲಿ ನೋವಿತ್ತು. ಅವರಿಬ್ಬರೂ ಕಾಗದಪತ್ರವನ್ನೆಲ್ಲ ಮಾಡಿಸಿಟ್ಟುಕೊಂಡು, ಮೇ ತಿಂಗಳಲ್ಲಿ ನಿಧಾನವಾಗಿ ಮದುವೆಯಾಗುವ ಎಂದಿದ್ದರಂತೆ. ಬೆಳಗ್ಗೆಯ ಸಭೆಯಲ್ಲಿ ವಯಸ್ಸು ಇಳಿಸುವ ಮಾತು ಗೆದ್ದಿದ್ದರೆ ಅಪ್ಪನಿಗೆ ಸಂಜೆಯೇ ಹೇಳಬೇಕೆಂದೂ ಇದ್ದರಂತೆ. ವಯಸ್ಸು ಇಳಿಯುವುದಿಲ್ಲವೆಂಬ ಸುದ್ದಿ ವೆಲ್ಡಿಂಗ್ ಅಂಗಡಿಗೆ ಬಂದಾಗ, ಕೊರಿನ್‌ಳ ದೊಡ್ಡಪ್ಪನಾದ ನ್ಯಾಯಾಧೀಶರಿಗೆ ಮಧ್ಯಾಹ್ನ ಬಿಡುವಿದೆಯೆಂದು ಗೊತ್ತಾಗಿ ಕೋರ್ಟಿಗೆ ಹೋಗಿ ಮದುವೆಯಾಗಿಬಿಟ್ಟರಂತೆ. ಅಪ್ಪ ಬರುತ್ತಾನೆಂದು ಆ ದೊಡ್ಡಪ್ಪ ಕೋಟು ಹಾಕಿಕೊಂಡು ಸಾಕಷ್ಟು ಹೊತ್ತು ಕಾದರಂತೆ.

“ಯಾಕೋ ಇಷ್ಟು ಅವಸರ?” ಎಂದ ನಾರ್ಬರ್ಟ್.

“ನಿನಗೋಸ್ಕರ ಅಪ್ಪ. ನಿಂಗೆ ಬೀರು ಸೇರಲ್ಲ, ಸೊಂಟ ನೋವು, ನಂಗೊತ್ತಿಲ್ವ? ಬರಬೇಡ ಅಂದ್ರೆ ನೀನು ಕೇಳೋನಲ್ಲ. ಕಾನೂನು ಬದಲಾದ್ರೆ ನೀನು ಬಿಡುಗಡೆ ಆಗ್ತೀಯ ಅಂತ ಕಾಯ್ತಿದ್ದೆ. ಅದೂ ಹೋಯ್ತು. ಇನ್ನೂ ಎರಡು ವರ್ಷ ನಿನ್ನನ್ನ ಈ ಸ್ಟೂಲ್ ಮೇಲೆ ಕೂರಿಸೋಕೆ ನಂಗೆ ಮನಸ್ಸು ಬರಲಿಲ್ಲ.”

ನಾರ್ಬರ್ಟನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಸೊಸೆಯ ಹೆಗಲ ಮೇಲೆ ಕೈಯಿಟ್ಟು ಒಳ್ಳೆಯದಾಗಲಿ ಎಂದ. ಅದು ಮನಸ್ಸಿನಿಂದಲೇ ಬಂದ ಮಾತು. ಹುಡುಗಿ ಒಳ್ಳೆಯವಳು, ಅದರಲ್ಲಿ ಎರಡು ಮಾತಿಲ್ಲ.

ಪಕ್ಕದಲ್ಲಿ ಡೋರೀನ್ ಆಗಲೇ ಲೆಸ್ಟರನ ಮುಂದೆ ನಿಂತು ಮುಖ ಬಿಗಿದುಕೊಂಡಿದ್ದಳು. ಲೆಸ್ಟರ್ ವೇಡ್‌ನ ಕತ್ತು ಬಳಸಿ ಹಿಡಿದು, ಇಡೀ ಬಾರಿಗೆ ಕೇಳುವ ಹಾಗೆ “ನನ್ನವನೇ,” ಎಂದ.

“ಇನ್ಮೇಲೆ ಶುಕ್ರವಾರ ನೀನು ಆರಾಮಾಗಿ ಮನೇಲಿ ಸೋಫಾ ಮೇಲೆ ಕಾಲು ಚಾಚ್ಕೊಂಡು ಮಲಗು,” ಎಂದ ಗ್ಯಾವಿನ್, ಅಪ್ಪನ ಕೈ ಹಿಡಿದುಕೊಂಡು. “ಆಯ್ತಾ?”

ನಾರ್ಬರ್ಟನ ತಲೆ ತನ್ನ ಪಾಡಿಗೆ ತಾನು ಆಡಿತು.