ಮೀನಿನ ಟೆಂಪೋದ ಹೊಗೆ ಮತ್ತು ನಾಲ್ಕು ಇಂಜೆಕ್ಟರ್

ಡೀಸೆಲ್ ಗಾಡಿ ರಿಪೇರಿ ಮಾಡುವವನು ನಗುವುದಕ್ಕೆ ಅಂತ ಬೇರೆಲ್ಲೂ ಹೋಗಬೇಕಾಗಿಲ್ಲ ಮಾರಾಯ್ರೆ, ಅದು ಹೊಗೆ ಬಿಟ್ಟುಕೊಂಡು ಗ್ಯಾರೇಜಿನ ಬಾಗಿಲಿಗೇ ಬರುತ್ತದೆ. ನನ್ನ ಗ್ಯಾರೇಜು ಇರುವುದು ಕುಂದಾಪುರದಿಂದ ಬೈಂದೂರಿಗೆ ಹೋಗುವ ಹೈವೇ ಬದಿಯಲ್ಲಿ. ಇಪ್ಪತ್ತು ಚಿಲ್ಲರೆ ವರ್ಷದಲ್ಲಿ ಎಂತೆಂಥ ಹೊಗೆ ಕಂಡಿದ್ದೇನೆ! ಆದರೆ ಈ ಸಲ ಮಳೆಗಾಲ ಮುಗಿಯುವ ಹೊತ್ತಿಗೆ ಮರವಂತೆಯ ಮೀನಿನ ಅಕ್ಕನ ಟೆಂಪೋ ನಾಲ್ಕು ದಿನ ನನ್ನನ್ನು ಕುಣಿಸಿದ ಹಾಗೆ ಯಾವ ಗಾಡಿಯೂ ಕುಣಿಸಿಲ್ಲ.

ಅಕ್ಕ ಅಂದರೆ ನನ್ನ ಸ್ವಂತ ಅಕ್ಕ ಅಲ್ಲ. ಬಂದರಿನಿಂದ ಮೀನು ತುಂಬಿಸಿ ಪೇಟೆ ಪೇಟೆಗೆ ಮುಟ್ಟಿಸುವ ವ್ಯಾಪಾರ ಅವರದ್ದು. ಟೆಂಪೋ ಅವರ ಹೆಸರಿನಲ್ಲಿ, ಸ್ಟೇರಿಂಗು ಗಂಡನ ಕೈಯಲ್ಲಿ, ಮಾತು ಪೂರ್ತಿ ಅಕ್ಕನ ಬಾಯಲ್ಲಿ. ಗಂಡನಿಗೆ ನಾನು ಭಾವ ಅನ್ನುತ್ತೇನೆ. ಆ ಮನುಷ್ಯ ಮಾತಾಡಿದ್ದನ್ನು ಕೇಳಿದವರೇ ಕಡಿಮೆ.

ವಿಷಯ ಇಷ್ಟೇ. ಶುಕ್ರವಾರ ಬೋಟುಗಳು ಮಳೆಗಾಲದ ರಜೆ ಮುಗಿಸಿ ಕಡಲಿಗೆ ಇಳಿಯುವುದು. ಬೋಟಿನ ಧಣಿ ಅಕ್ಕನಿಗೆ ಖಡಾಖಂಡಿತ ಹೇಳಿದ್ದರು, ಗುರುವಾರ ಸಂಜೆಯೊಳಗೆ ಹೊಗೆ ತಪಾಸಣೆಯ ಎಮಿಷನ್ ಚೀಟಿ ತೋರಿಸಿದರೆ ಇಡೀ ಸೀಸನ್ನಿನ ಲೋಡು ನಿಮಗೆ, ಇಲ್ಲದಿದ್ದರೆ ಬೇರೆ ಟೆಂಪೋ ಇದೆ. ಮಳೆಗಾಲವಿಡೀ ಮನೆಯೆದುರು ನಿಂತಿದ್ದ ಅಕ್ಕನ ಟೆಂಪೋವನ್ನು ಚಾಲೂ ಮಾಡಿದ್ದು, ಅದು ಹೊಗೆ ಬಿಡಲು ಶುರುಮಾಡಿದ್ದು, ಎರಡೂ ಅದೇ ವಾರದ ಸೋಮವಾರ!

ಬಂಗುಡೆ ಬಣ್ಣ

ಸೋಮವಾರ ಬೆಳಿಗ್ಗೆ ಫೋನು. "ತಮಾ, ಗಾಡಿ ಹೊಗಿ ಬಿಡ್ತಿತ್ತ್! ಎಂಥಾ ಹೊಗಿ ಅಂದ್ರೆ, ಹಿಂದೆ ಬಪ್ಪರಿಗೆ ರಸ್ತಿಯೇ ಕಾಂತಿಲ್ಲೆ!"

ಡೀಸೆಲ್ ಇಂಜಿನ್ನಿನ ಹೊಗೆಗೆ ಬಣ್ಣವೇ ಜಾತಕ. ಕಪ್ಪು ಅಂದರೆ ಡೀಸೆಲ್ ಜಾಸ್ತಿ ಇಲ್ಲವೇ ಗಾಳಿ ಕಮ್ಮಿ. ನೀಲಿ ಅಂದರೆ ಆಯಿಲ್ ಸುಡುತ್ತಿದೆ. ಬಿಳಿ ಅಂದರೆ ಡೀಸೆಲ್ ಸುಡದೆ ಹಾಗೇ ಹೊರಬೀಳುತ್ತಿದೆ, ಅಥವಾ ನೀರು ಸೇರಿದೆ. ಅದಕ್ಕೇ ಕೇಳಿದೆ, "ಅಕ್ಕ, ಹೊಗಿ ಬಣ್ಣ ಎಂತದ್ದ್? ಕಪ್ಪಾ, ನೀಲಿಯಾ, ಬಿಳಿಯಾ?"

"ಬಂಗ್ಡಿ ಮೀನ್ ಇತ್ತಲೆ, ಹಾಂಗೆ."

ಬಂಗುಡೆ ಬೆನ್ನು ನೀಲಿ, ಮೇಲಿನ ಗೆರೆ ಕಪ್ಪು, ಹೊಟ್ಟೆ ಬಿಳಿ! ಮೂರು ಕಾಯಿಲೆಯೂ ಒಟ್ಟಿಗೇ ಇದ್ದರೆ ಆ ಇಂಜಿನ್ನನ್ನು ಗುಜರಿಗೇ ಹಾಕಬೇಕು. ಸರಿ, ಒಂದು ಉಪಾಯ ಹೇಳಿಕೊಟ್ಟೆ. ಇಂಜಿನ್ ಚಾಲೂ ಮಾಡಿ, ಸೈಲೆನ್ಸರಿನ ಬಾಯಿಗೆ ಒಂದು ಬಿಳಿ ಬಟ್ಟೆ ಹಿಡಿಯಿರಿ, ಒಣ ಮಸಿ ಅಂಟುತ್ತದೋ ಎಣ್ಣೆ ಜಿಡ್ಡು ಅಂಟುತ್ತದೋ ಫೋಟೋ ಕಳಿಸಿ ಅಂದೆ.

ಐದು ನಿಮಿಷದಲ್ಲಿ ಫೋಟೋ ಬಂತು. ಬೆಳ್ಳಗಿನ ಪಂಚೆ, ನಡುವೆ ದೋಸೆ ಕಾವಲಿಯಷ್ಟು ದೊಡ್ಡ ಕಪ್ಪು ಮಸಿ. ಒಣ ಮಸಿ, ರೋಗ ಕಪ್ಪು ಹೊಗೆಯದ್ದೇ, ಖಾತ್ರಿ ಆಯಿತು. ಆದರೆ ಫೋಟೋದಲ್ಲಿ ಪಂಚೆಯ ಕೆಳಗೆ ಎರಡು ಕಾಲು ಕಾಣುತ್ತಿತ್ತು.

"ಅಕ್ಕ, ನಾನ್ ಬಟ್ಟಿ ಹಿಡೀರಿ ಅಂದದ್ದಲ್ದಾ? ಭಾವನ್ನ ಎಂತಕ್ಕೆ ಹಿಡ್ದದ್ದ್?"

"ಮನಿಯೊಳ್ಗ್ ಬಿಳಿ ಅಂದೇಳಿ ಅದೊಂದೇ ಇದ್ದದ್ದ್ ತಮಾ. ಬಿಚ್ಚಿ ಕೊಡಿ ಅಂದೆ. ಹೈವೇ ಬದಿ ಮಾರಾಯ್ತಿ ಅಂದ್ರ್. ಹಂಗಾರೆ ಉಟ್ಕಂಡೇ ಬಂದ್ ನಿಲ್ಲಿ ಅಂದೆ!"

ದಾರಿಯಲ್ಲಿ ಸಿಕ್ಕ ಡಾಕ್ಟರುಗಳು

ಮಂಗಳವಾರ ಗಾಡಿಯನ್ನು ಗ್ಯಾರೇಜಿಗೆ ತನ್ನಿ ಅಂದೆ. ಮರವಂತೆಯಿಂದ ನನ್ನಲ್ಲಿಗೆ ಎಷ್ಟು ದೂರ? ಅಷ್ಟರೊಳಗೆ ಎರಡು ಕಡೆ ಚಾ ಕುಡಿದು, ಎರಡೂ ಕಡೆ ಗಾಡಿಯ ಜಾತಕ ಬರೆಸಿಕೊಂಡೇ ಬಂದಿದ್ದಾರೆ. ನಮ್ಮ ಕಡೆ ಮೈಯಲ್ಲಿ ಜ್ವರ ಇದ್ದರೆ ಹೇಳದೆ ಇರಬಹುದು, ಗಾಡಿಯಲ್ಲಿ ಹೊಗೆ ಬಂದರೆ ಮುಚ್ಚಿಡಲಿಕ್ಕೆ ಆಗುವುದಿಲ್ಲವಲ್ಲ!

ಹಾಲಾಡಿಯ ಜೀಪಿನವರು ಒಬ್ಬರು ಹೊಗೆಯ ವಾಸನೆ ನೋಡಿ "ಇಂಜೆಕ್ಟರ್" ಅಂದರಂತೆ. ಬಾರ್ಕೂರಿನ ಟ್ರ್ಯಾಕ್ಟರಿನವರು ಹೊಗೆ ನೋಡುವ ಮೊದಲೇ "ಇಂಜೆಕ್ಟರ್" ಅಂದರಂತೆ. ಇಂಜೆಕ್ಟರ್ ಅಂದರೆ ಡೀಸೆಲನ್ನು ಮಂಜಿನ ಹಾಗೆ ಮಾಡಿ ಇಂಜಿನ್ನಿನೊಳಗೆ ಚಿಮ್ಮಿಸುವ ಸಾಮಾನು. ಅದು ಕೆಟ್ಟು ಹನಿ ಹನಿ ತೊಟ್ಟಿಕ್ಕಿದರೆ ಕಪ್ಪು ಹೊಗೆ ಬರುವುದು ಹೌದು. ಹಾಗಂತ ಕಪ್ಪು ಹೊಗೆ ಕಂಡಲ್ಲೆಲ್ಲ ಅದೇ ಕೆಟ್ಟಿರಬೇಕು ಅಂತ ಇಲ್ಲ. ಅಕ್ಕನದ್ದು ಹಳೇ ಗಾಡಿ, ನಾಲ್ಕೂ ಹೊಸತು ಹಾಕುವುದು ಸಣ್ಣ ಮಾತಲ್ಲ. ಹಾಕಿದ ಮೇಲೂ ಹೊಗೆ ನಿಲ್ಲದಿದ್ದರೆ ಲೋಡೂ ಹೋಯಿತು, ನನ್ನ ಮರ್ಯಾದೆಯೂ ಹೋಯಿತು.

ನಾನು ಇದನ್ನು ಹೇಳುತ್ತಿರುವಾಗಲೇ ಅಕ್ಕ ಫೋನನ್ನು ನನ್ನ ಮುಖಕ್ಕೆ ಹಿಡಿದರು. ವಿಡಿಯೋದಲ್ಲಿ ಮುಂಬೈಯಲ್ಲಿರುವ ಅವರ ತಮ್ಮ. ಹೊಗೆಯನ್ನು ಅಲ್ಲಿಂದಲೇ ನೋಡಿ, "ನಾಕೂ ಇಂಜೆಕ್ಟರ್ ಬದ್ಲ್ ಮಾಡ್ಕ್, ಬೇರೆ ಮಾತೇ ಇಲ್ಲೆ" ಅಂತ ತೀರ್ಪು ಕೊಟ್ಟರು. ಅಷ್ಟು ಗಟ್ಟಿಯಾಗಿ ಹೇಳುತ್ತಾರಲ್ಲ, ಲಾರಿ ಗೀರಿ ಇಟ್ಟಿರಬೇಕು ಅಂದುಕೊಂಡು, "ಹ್ವಾಯ್, ನಿಮ್ಮತ್ರ ಯಾವ ಗಾಡಿ?" ಅಂತ ಕೇಳಿದೆ.

"ಗಾಡಿ ಇಲ್ಲೆ. ಹೋಟ್ಲ್ ಇತ್ತ್. ನಮ್ಮ ಗ್ಯಾಸ್ ಒಲಿ ಕಪ್ಪ್ ಹೊಗಿ ಬಿಟ್ರೆ ಬರ್ನರ್ ಬದ್ಲ್ ಮಾಡುದಲ್ದಾ, ಹಾಂಗೇ!"

ಗ್ಯಾರೇಜಿನೊಳಗೆ ಸಾಧು

ಕಪ್ಪು ಹೊಗೆ ಅಂದರೆ ಮೊದಲು ಏರ್ ಫಿಲ್ಟರ್ ನೋಡಬೇಕು. ಮುಚ್ಚಳ ತೆಗೆದೆ. ಒಳಗೆ ಫಿಲ್ಟರ್ ಹೊಚ್ಚ ಹೊಸತು, ಮಳೆಗಾಲ ಶುರುವಾಗುವಾಗ ನಾನೇ ಹಾಕಿದ್ದು. ಅದು ಸರಿ ಇದೆ ಅಂತ ಮುಚ್ಚಳವನ್ನು ಬದಿಗಿಟ್ಟು ಇಂಜೆಕ್ಟರ್ ಕಡೆ ತಿರುಗಿದೆ. ಇಂಜಿನ್ ಓಡುತ್ತಿರುವಾಗ ಒಂದೊಂದೇ ಇಂಜೆಕ್ಟರಿನ ಪೈಪಿನ ನಟ್ಟು ಸಡಿಲ ಮಾಡುತ್ತಾ ಹೋಗುವುದು ನಮ್ಮ ಹಳೇ ಪರೀಕ್ಷೆ. ಸಡಿಲ ಮಾಡಿದಾಗ ಇಂಜಿನ್ ಕುಂಟಿದರೆ ಆ ಇಂಜೆಕ್ಟರ್ ಕೆಲಸ ಮಾಡುತ್ತಿದೆ ಅಂತ ಅರ್ಥ. ಕುಂಟದಿದ್ದರೆ ಅದೇ ಕಳ್ಳ. ಒಂದನೆಯದಕ್ಕೆ ಕುಂಟಿತು, ಎರಡನೆಯದಕ್ಕೂ ಕುಂಟಿತು. ನಾಲ್ಕಕ್ಕೂ ಕುಂಟಿತು!

ಆಶ್ಚರ್ಯ ಅದಲ್ಲ. ಎಷ್ಟು ರೇಸ್ ಮಾಡಿದರೂ ಹೊಗೆಯೇ ಇಲ್ಲ! ಡಾಕ್ಟರ ಹತ್ತಿರ ಕರೆದುಕೊಂಡು ಹೋದ ಕೂಡಲೇ ಮಗುವಿನ ಜ್ವರ ಇಳಿಯುತ್ತದಲ್ಲ, ಹಾಗೆ. ಮುಚ್ಚಳ ಹಾಕಿ, ಪೈಪಿನಲ್ಲಿ ಎಂತದೋ ಕಸ ಇದ್ದದ್ದು ಹೋಗಿರಬೇಕು ಅಂತ ಹೇಳಿ ಕಳಿಸಿದೆ. ಅರ್ಧ ಗಂಟೆಯಲ್ಲಿ ಗಾಡಿ ವಾಪಸ್, ಹಿಂದೆ ಕಪ್ಪು ಮೋಡ. ಮತ್ತೆ ಮುಚ್ಚಳ ತೆಗೆದು ನೋಡಲು ಕೂತೆ, ಮತ್ತೆ ಹೊಗೆ ಮಾಯ!

ಅಕ್ಕ ಸೊಂಟಕ್ಕೆ ಕೈ ಕೊಟ್ಟು ಟೆಂಪೋಗೇ ಬೈದರು. "ಇಲ್ಲಿ ಬಂದ್ ಮರ್ಯಾದಿ ತೋರ್ಸ್ತಿಯಾ? ಮನಿ ಹತ್ರ ಮಾತ್ರ ನಿನ್ನ ಅಬ್ಬರವಾ?" ಆಮೇಲೆ ನನ್ನ ಕಡೆ ತಿರುಗಿ, "ತಮಾ, ಬಂದರ್‌ನ ನಿನ್ನ ಗ್ಯಾರೇಜಿಗೇ ತಂದ್ಬಿಡ್. ಇಲ್ಲಿಯೇ ಮೀನ್ ಮಾರ್ತೆ, ಗಾಡಿ ಕದ್ಲೂದೇ ಬ್ಯಾಡ" ಅಂದರು.

ಐಸಿನಲ್ಲಿ ಇಂಜೆಕ್ಟರ್

ಬುಧವಾರ ನಾಲ್ಕೂ ಇಂಜೆಕ್ಟರ್ ಬಿಚ್ಚಿದೆ. ಬದಲು ಮಾಡಬೇಕೋ ಬೇಡವೋ ಅಂತ ತೀರ್ಮಾನಿಸಲಿಕ್ಕೆ ಚಾದಂಗಡಿಯ ಮಾತು ಸಾಲದು, ಟೆಸ್ಟಿಂಗ್ ಮೆಷಿನ್ನೇ ಹೇಳಬೇಕು. ಆ ಮೆಷಿನ್ ಇರುವ ಒಂದು ಪಂಪ್ ರಿಪೇರಿ ಅಂಗಡಿ ಬ್ರಹ್ಮಾವರದಲ್ಲಿ ಇದೆ. ಇಂಜೆಕ್ಟರುಗಳನ್ನು ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಟ್ಟಿ ಭಾವನ ಕೈಗೆ ಕೊಟ್ಟು ಹೇಳಿದೆ, "ಭಾವ, ಜೋಪಾನ. ಹೊಯ್ಗಿ, ಧೂಳ್ ತಾಗೂಕಾಗ, ಪೆಟ್ಟ್ ತಾಗೂಕಾಗ. ಹ್ಯಾಂಗ್ ಕೊಟ್ಟಿದ್ನೋ ಹಾಂಗೇ ಮುಟ್ಸ್ಕ್." ಭಾವ ತಲೆ ಆಡಿಸಿ ಬಸ್ಸು ಹತ್ತಿದರು.

ಮಧ್ಯಾಹ್ನ ಬ್ರಹ್ಮಾವರದಿಂದ ಫೋನು. ಅಂಗಡಿಯವರ ದನಿಯಲ್ಲಿ ನಗು ಉಕ್ಕುತ್ತಿತ್ತು. "ಹ್ವಾಯ್, ನೀವ್ ಕಳ್ಸಿದ್ದ್ ಇಂಜೆಕ್ಟರಾ, ಅಂಜಲ್ ಮೀನಾ?"

ವಿಷಯ ಏನೆಂದರೆ, ಜೋಪಾನವಾಗಿ ಸಾಗಿಸುವುದು ಅಂದರೆ ಭಾವನಿಗೆ ಗೊತ್ತಿರುವುದು ಒಂದೇ ದಾರಿ. ದಾರಿಯಲ್ಲಿ ಇಳಿದು, ಥರ್ಮಾಕೋಲ್ ಪೆಟ್ಟಿಗೆ ತಂದು, ಅಡಿಯಲ್ಲಿ ಒಂದು ಪದರ ಐಸು, ಅದರ ಮೇಲೆ ಇಂಜೆಕ್ಟರ್, ಮೇಲೆ ಇನ್ನೊಂದು ಪದರ ಐಸು ಹಾಕಿ, ಟೇಪು ಸುತ್ತಿ ತೆಗೆದುಕೊಂಡು ಹೋಗಿದ್ದಾರೆ! ಪ್ಲಾಸ್ಟಿಕ್ ಗಟ್ಟಿ ಇದ್ದದ್ದಕ್ಕೆ ಬಚಾವ್.

"ನಗೂದ್ ಕಡಿಗೆ. ರಿಸಲ್ಟ್ ಎಂತ ಹೇಳಿ" ಅಂದೆ.

"ನಾಕೂ ಫಸ್ಟ್ ಕ್ಲಾಸ್! ಮಂಜಿನ ಹಾಂಗೆ ಚಿಮ್ಮ್ತಿತ್ತ್. ಬದ್ಲ್ ಮಾಡುದೆಲ್ಲ ಬ್ಯಾಡ. ಇಷ್ಟ್ ಫ್ರೆಶ್ ಇಂಜೆಕ್ಟರ್ ನಾನ್ ಕಂಡದ್ದೇ ಇಲ್ಲೆ."

ಗುರುವಾರ

ಗುರುವಾರ ಬೆಳಿಗ್ಗೆ ಅಕ್ಕ ಬಂದು ನೇರ ಹೇಳಿದರು, "ತಮಾ, ಟೆಸ್ಟ್ ಎಂತ ಬೇಕಾರೂ ಹೇಳ್ಲಿ, ಹೊಸ್ತ್ ನಾಕ್ ಹಾಕ್. ನಾಳಿ ಬೋಟ್ ಇಳಿತ್ತ್. ನಂಗೆ ತಡ್ಕಂಬುಕೆ ಆತಿಲ್ಲೆ." ಅಷ್ಟು ಜೋರಿನ ಹೆಂಗಸಿನ ಕಣ್ಣಲ್ಲಿ ನೀರು ಕಂಡು, ಹಾಕಿಬಿಡುವಾ ಅಂತ ಒಂದು ಕ್ಷಣ ಅನಿಸಿದ್ದು ಸುಳ್ಳಲ್ಲ. ಆದರೆ ಸರಿ ಇದ್ದ ಸಾಮಾನು ತೆಗೆದು ಹೊಸತು ಹಾಕುವುದು ರಿಪೇರಿ ಅಲ್ಲ. "ಮಧ್ಯಾಹ್ನದವರೆಗೆ ಸಮಯ ಕೊಡಿ ಅಕ್ಕ" ಅಂತ ಹಳೆಯದನ್ನೇ ಕೂರಿಸಿದೆ.

ಕೂರಿಸಿ, ಹೊಂದಿಸಿ, ಚಾಲೂ ಮಾಡುವಾಗ ಮೂರು ಗಂಟೆ. ಹೊಗೆ ಇಲ್ಲ. ಗ್ಯಾರೇಜಿನೊಳಗೆ ಅದು ಯಾವಾಗಲೂ ಸಾಧುವೇ! ತಲೆ ಕೆರೆದುಕೊಂಡು ನಿಂತಿದ್ದೆ. ಇಂಜಿನ್ ಓಡುತ್ತಿರುವಾಗಲೇ ಭಾವ ಮೆಲ್ಲಗೆ ಬಂದು, ಬದಿಯಲ್ಲಿ ಬಿದ್ದಿದ್ದ ಏರ್ ಫಿಲ್ಟರಿನ ಮುಚ್ಚಳವನ್ನು ಪಂಚೆಯಲ್ಲಿ ಒರೆಸಿ, ಧೂಳು ಹೋಗಬಾರದು ಅಂತ ಅದರ ಜಾಗಕ್ಕೆ ಒತ್ತಿ ಇಟ್ಟರು. ಭುಸ್ಸ್ ಅಂತ ಕಪ್ಪು ಹೊಗೆ!

"ತೆಗೀರಿ ಭಾವ!" ತೆಗೆದರು. ಹೊಗೆ ನಿಂತಿತು.

"ಹಾಕಿ!" ಹಾಕಿದರು. ಹೊಗೆ!

ನಾನು ಸ್ಪ್ಯಾನರ್ ಹಿಡಿದುಕೊಂಡೇ ಕುಣಿದೆ ಮಾರಾಯ್ರೆ. ಮುಚ್ಚಳ ತೆಗೆದರೆ ಇಂಜಿನ್ನಿಗೆ ಗಾಳಿ ನೇರವಾಗಿ ಸಿಗುತ್ತದೆ. ಹಾಕಿದರೆ ಕ್ಯಾಬಿನ್ನಿನ ಹಿಂದೆ ಮೇಲಕ್ಕೆ ಹೋಗುವ ಕೊಳವೆಯಿಂದಲೇ ಬರಬೇಕು. ಅಂದರೆ ಆ ಕೊಳವೆ ಕಟ್ಟಿಕೊಂಡಿದೆ! ಗಾಳಿ ಸಾಲದೆ ಕಪ್ಪು ಹೊಗೆ ಬರುತ್ತಿದೆ. ಎರಡು ದಿನ ಮುಚ್ಚಳ ತೆಗೆದಿಟ್ಟೇ ಪರೀಕ್ಷೆ ಮಾಡಿದ ಮಹಾ ಬುದ್ಧಿವಂತ ಯಾರು? ನಾನೇ!

ಚಕ್ರಕ್ಕೆ ಕಾಲು ಕೊಟ್ಟು ಹತ್ತಿದೆ. ಮೇಲೆ ನೋಡಿದರೆ ಕೊಳವೆಯ ಬಾಯಿಗೆ ಅಕ್ಕಿ ಚೀಲದ ತುಂಡು ಎರಡು ಸುತ್ತು, ಅದರ ಮೇಲೆ ಹಳೇ ಬಲೆ, ಬೋಟು ಕಟ್ಟುವ ಹಾಗೆ ಬಿಗಿದ ಗಂಟು. ಕಟಿಂಗ್ ಪ್ಲೇಯರಿಗೂ ಬಗ್ಗಲಿಲ್ಲ. ಯಾರು ಕಟ್ಟಿದ್ದು ಅಂತ ಕೇಳಲಿಕ್ಕೂ ಹೊತ್ತಿರಲಿಲ್ಲ, ಎಮಿಷನ್ ಟೆಸ್ಟಿನವರು ಐದು ಗಂಟೆಗೆ ಬಾಗಿಲು ಹಾಕುತ್ತಾರೆ. ಅಕ್ಕ ಮೀನು ಕೊಯ್ಯುವ ಕತ್ತಿ ಕೊಟ್ಟರು, ಒಂದೇ ಏಟಿಗೆ ಕೊಯ್ದೆ. ಮೂವರೂ ಕ್ಯಾಬಿನ್ನಿನಲ್ಲಿ ಒತ್ತಿಕೊಂಡು ಕೂತು ಬೈಂದೂರಿಗೆ ಬಿಟ್ಟೆವು. ಮರವಂತೆಯಲ್ಲಿ ಎಡಗಡೆ ಕಡಲು, ಬಲಗಡೆ ಹೊಳೆ, ಹಿಂದೆ ಒಂಚೂರೂ ಹೊಗೆ ಇಲ್ಲ! ಅಕ್ಕ ದಾರಿಯಿಡೀ ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದೆಯೇ ನೋಡುತ್ತಿದ್ದರು.

ಐದಕ್ಕೆ ಹತ್ತು ನಿಮಿಷ ಇರುವಾಗ ಟೆಸ್ಟು ಪಾಸು. ಅಕ್ಕ ಚೀಟಿಯ ಫೋಟೋ ಧಣಿಗೆ ಕಳಿಸಿದರು. "ನಾಳಿ ಬೆಳ್ಗಾತ ಬಂದರಿಗೆ ಬನ್ನಿ, ಮೊದ್ಲ್ ಲೋಡ್ ನಿಮ್ದೇ" ಅಂತ ಅಲ್ಲಿಂದ ಫೋನು ಬಂತು. ಅಕ್ಕ ರಸ್ತೆ ಬದಿಯಲ್ಲೇ ಕೈ ಚಪ್ಪಾಳೆ ಹೊಡೆದು ನಕ್ಕರು. ಮೂವರಿಗೂ ಚಾ ಹೇಳಿದರು. ಅರ್ಧ ಗ್ಲಾಸು ಚಾ ಇಳಿದ ಮೇಲೆ ವಿಚಾರಣೆ ಶುರುವಾಯಿತು.

"ಹ್ವಾಯ್, ಆ ಗಂಟ್ ನಿಮ್ದೇ ಅಲ್ದಾ? ನಂಗ್ ಗೊತ್ತಾತಿಲ್ಯಾ? ಯಾರ್ ಹೇಳ್ದ್ ನಿಮ್ಗೆ ಅಲ್ಲಿ ಚೀಲ ಕಟ್ಟುಕೆ? ನಾಕ್ ದಿನ ನಾವ್ ಸಾಯ್ತಿದ್ರೂ ಬಾಯಿ ಬಿಟ್ರ್ಯಾ ನೀವ್?"

ನಾನೂ ಬಿಡಲಿಲ್ಲ. "ಹೌದ್ ಭಾವ, ಯಾವ ಪುಣ್ಯಾತ್ಮ ಹೇಳಿದ್ದ್ ಹೇಳಿ. ಅವನನ್ನ ಒಂದ್ಸಲ ಕಾಣ್ಕ್ ನಂಗೆ."

ಭಾವ ಚಾ ಪೂರ್ತಿ ಕುಡಿದರು, ಗ್ಲಾಸು ಕೆಳಗಿಟ್ಟರು, ಬಾಯಿ ಒರೆಸಿಕೊಂಡರು. ಆಮೇಲೆ ನನ್ನನ್ನೇ ತೋರಿಸಿ, ಈ ನಾಲ್ಕು ದಿನದಲ್ಲಿ ನನ್ನೆದುರು ಮೊದಲ ಸಲ ಬಾಯಿ ಬಿಟ್ಟರು.

"ಇವ್ರೇ. ಮಳಿಗಾಲ ಸುರು ಆಪ್ ಹೊತ್ತಿಗೆ ಹೇಳಿರ್, 'ಭಾವ, ಕಡ್ಲ್ ನೀರ್ ಹಾರಿ ಒಳ್ಗ್ ಹೋದ್ರೆ ಇಂಜಿನ್ ಹೋಯ್ತ್, ಮೇಲೆ ಗಟ್ಟಿ ಕಟ್ಟಿ ಇಡಿ, ನಾನ್ ಹೇಳುವರಿಗೂ ಬಿಚ್ಚುಕಾಗ' ಅಂದೇಳಿ. ನಾಕ್ ದಿನದಿಂದ ಇವ್ರ್ ಎದ್ರೇ ನಿಂತ್ಕಂಡ್ ಕಾಯ್ತಿದ್ದೆ, ಈಗ್ ಹೇಳ್ತ್ರ್, ಈಗ್ ಹೇಳ್ತ್ರ್ ಅಂದೇಳಿ!"