ಮಂಜಿನ ಆಟಕ್ಕೆ ಹುಲಿ ಕಂಬಳಿ

ಮರಳುಗಾಡಿನಲ್ಲಿ ಕಂಬಳಿ ಮಾರಿ ಬದುಕುವವನು ನಾನು. ಹೀಗೆಂದರೆ ಹೊಸಬರು ಮೊದಲು ನಗುತ್ತಾರೆ, ಆಮೇಲೆ ಕನಿಕರದಿಂದ ನೋಡುತ್ತಾರೆ. ಆದರೆ ದುಬೈಯ ದೇರಾದ ನನ್ನ ಹೋಲ್‌ಸೇಲ್ ಅಂಗಡಿಯಿಂದ ಹುಲಿ, ನವಿಲು, ಗುಲಾಬಿಯ ಚಿತ್ರದ ದಪ್ಪ ಕಂಬಳಿ ಹೋಗದ ಕರಾವಳಿಯ ಊರಿಲ್ಲ. ರಜೆಗೆ ಹೊರಟವರು ಪಾಸ್‌ಪೋರ್ಟ್ ಮರೆತಾರು, ಕಂಬಳಿ ಮರೆಯುವುದಿಲ್ಲ. ಉಡುಪಿಯ ಸೆಕೆಯಲ್ಲಿ ಅದನ್ನು ಯಾರು ಹೊದೆಯುತ್ತಾರೆ ಎಂದು ಮಾತ್ರ ನಾನು ಈವರೆಗೆ ಯಾರನ್ನೂ ಕೇಳಿಲ್ಲ. ವ್ಯಾಪಾರಿಗೆ ಕೆಲವು ಪ್ರಶ್ನೆಗಳು ಒಳ್ಳೆಯವಲ್ಲ. ಇಂಥ ನಾನು, ಈ ದೇಶದಲ್ಲಿ ಸಂಬಳಕ್ಕೆ ಆಡುವ ಐಸ್ ಹಾಕಿ ನೆಲೆಯೂರಲು ಕಾರಣನಾದೆ ಎಂದರೆ ನೀವು ನಂಬಲಿಕ್ಕಿಲ್ಲ. ನನ್ನ ಹೆಂಡತಿ ವಸಂತಿಯೂ ನಂಬುವುದಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ಮೆಟ್ರೊದ ಹಸಿರು ಲೈನು ಅಲ್ ಕುಸೈಸ್‌ಗೆ ಬಂದ ಹೊಸತು. ನಮ್ಮ ಫ್ಲ್ಯಾಟೂ ಅಲ್ಲೇ. ಮಗಳು ದಿಶಾ ಒಂದು ಶಾಪಿಂಗ್ ಮಾಲಿನ ಮಂಜಿನ ಅಂಗಳದಲ್ಲಿ ಸ್ಕೇಟಿಂಗ್ ಕಲಿಯುತ್ತಿದ್ದಳು. ಕಲಿಸುವವನು ಸಯೀದ್ ಎಂಬ ಇಲ್ಲಿಯದೇ ಹುಡುಗ. ಅದುವರೆಗೆ ಅಲ್ಲಿ ಆಫೀಸು ಮುಗಿಸಿ ಬಂದವರು ಖುಷಿಗೆ ಹಾಕಿ ಆಡಿ ಹೋಗುತ್ತಿದ್ದರು. ಸಯೀದ್ ದೊಡ್ಡ ಕನಸು ಕಂಡ. ಚಳಿ ದೇಶಗಳಿಂದ ಸಂಬಳದ ಆಟಗಾರರನ್ನು ಕರೆಸಿ ದುಬೈಗೊಂದು, ಅಬುಧಾಬಿಗೊಂದು ತಂಡ ಕಟ್ಟಿದ. ಮೊದಲ ಪಂದ್ಯಕ್ಕೆ ನಾವು ಮೂವರೂ ಹೋದೆವು. ಹೊರಗೆ ಬೆಂಕಿಯಂಥ ಬಿಸಿಲಾದ್ದರಿಂದ ನಾನು ಅರ್ಧ ತೋಳಿನ ಅಂಗಿಯಲ್ಲಿದ್ದೆ. ಹತ್ತು ನಿಮಿಷಕ್ಕೆ ಮಂಡಿ ನಡುಗತೊಡಗಿತು, ಇಪ್ಪತ್ತಕ್ಕೆ ಕಿವಿ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಂಡೆ. ಸುತ್ತ ನೋಡಿದರೆ ಜನ ಒಬ್ಬೊಬ್ಬರಾಗಿ ಎದ್ದು ಹೋಗಿದ್ದರು.

ಸಯೀದ್ ಸಪ್ಪೆ ಮುಖದಲ್ಲಿ ಬಂದ. "ಅಂಕಲ್, ಆಟ ಚೆನ್ನಾಗಿಲ್ಲವಾ?" ಎಂದು ಹಿಂದಿಯಲ್ಲಿ ಕೇಳಿದ.

"ಆಟ ಚೆನ್ನಾಗಿದೆ. ನೋಡುವವರು ಬದುಕಿ ಉಳಿಯಬೇಕಲ್ಲ?" ಎಂದೆ ನಾನೂ ನನ್ನ ಹರಕು ಹಿಂದಿಯಲ್ಲಿ.

ಅವನು ನಗಲಿಲ್ಲ. ಮಾಲಿನವರು ಅವನಿಗೆ ಮೂರೇ ಶುಕ್ರವಾರ ಕೊಟ್ಟಿದ್ದರಂತೆ. ಅಷ್ಟರಲ್ಲಿ ಕುರ್ಚಿ ತುಂಬದಿದ್ದರೆ ಆಟಗಾರರೆಲ್ಲ ವಿಮಾನ ಹತ್ತಬೇಕು. "ಜನ ಮಾಫಿ, ಹಾಕಿ ಮಾಫಿ. ಖಲಾಸ್," ಎಂದ. ಇಲ್ಲಿ ಮಾಫಿ ಎಂದರೆ ಇಲ್ಲ ಎಂದರ್ಥ.

ನನಗೆ ಕ್ರೀಡೆ ಎಂದರೆ ಅಷ್ಟಕ್ಕಷ್ಟೆ. ಆದರೆ ಚಳಿಗೆ ಹೆದರಿ ಜನ ಓಡುವಾಗ ಕಂಬಳಿ ವ್ಯಾಪಾರಿ ಕೈಕಟ್ಟಿ ಕೂರುವುದೇ? "ಮುಂದಿನ ವಾರ ಇನ್ನೂರು ಕಂಬಳಿ ನಾನು ತರ್ತೇನೆ. ದುಡ್ಡಿನ ಮಾತಿಲ್ಲ," ಎಂದುಬಿಟ್ಟೆ.

ಕಾರಿನಲ್ಲಿ ವಸಂತಿ ಕೇಳಿದಳು: "ನಿಮಗೆಂತ ಮರುಳಾ? ಇನ್ನೂರು ಜನ ಹೊದ್ದು ಕೊಟ್ಟದ್ದನ್ನು ಒಗೆಯುವುದು ಯಾರು?" ಅಷ್ಟು ದೂರ ನಾನು ಯೋಚಿಸಿರಲಿಲ್ಲ. ಹಿಂದಿನ ಸೀಟಿನಿಂದ ಮಗಳು, "ಅಪ್ಪಾ, ಪ್ಲೀಸ್, ನೋ ಟೈಗರ್ಸ್! ನನ್ನ ಫ್ರೆಂಡ್ಸ್ ಎಲ್ಲ ಬರ್ತಾರೆ," ಎಂದು ಗೋಗರೆದಳು. ಗೋದಾಮಿನಲ್ಲಿ ಅಷ್ಟು ಸಂಖ್ಯೆಯಲ್ಲಿದ್ದದ್ದು ಹುಲಿಗಳು ಮಾತ್ರ.

ಮುಂದಿನ ಶುಕ್ರವಾರ ನನ್ನ ವ್ಯಾನ್ ಓಡಿಸುವ ಹಮೀದಾಕ, "ಶೆಟ್ರೆ, ಐಸಿಗೂ ಕಂಬಳಿಯಾ ಮಾರಾಯ್ರೆ?" ಎನ್ನುತ್ತಲೇ ಪ್ರತಿ ಕುರ್ಚಿಯ ಮೇಲೂ ಒಂದೊಂದು ಹುಲಿ ಮಡಚಿಟ್ಟರು. ಜನ ಬಂದರು, ನೋಡಿದರು, ಮುಟ್ಟಲು ಸಂಕೋಚಪಟ್ಟರು. ಆಗ ಬಿಳಿ ಕಂದೂರ ತೊಟ್ಟ ಅರಬ್ ಅಜ್ಜನೊಬ್ಬ ಕಂಬಳಿ ಬಿಡಿಸಿ, ತಲೆಯವರೆಗೆ ಎಳೆದುಕೊಂಡು, "ಯಲ್ಲಾ!" ಎಂದು ಆಟಗಾರರನ್ನು ಹುರಿದುಂಬಿಸಿದ. ಅಷ್ಟೇ ಸಾಕಾಯಿತು. ಮಲಯಾಳಿ ಸಂಸಾರಗಳು, ಫಿಲಿಪಿನೋ ನರ್ಸುಗಳು, ಸೂಟಿನ ಸಾಹೇಬರು ಎಲ್ಲ ಹೊದ್ದು ಕೂತರು. ದುಬೈ ಮೊದಲ ಗೋಲು ಹೊಡೆದಾಗ ಜನ ಕಂಬಳಿ ಸಮೇತ ಎದ್ದು ನಿಂತರು. ಇನ್ನೂರು ಹುಲಿ ಒಟ್ಟಿಗೆ ನೆಗೆದಂತಾಯಿತು. ಆಟಗಾರರೇ ಆಟ ನಿಲ್ಲಿಸಿ ನೋಡಿದರು. ಕೊನೆಯವರೆಗೆ ಒಬ್ಬರೂ ಎದ್ದು ಹೋಗಲಿಲ್ಲ. ಮೂರನೇ ಶುಕ್ರವಾರ ನಿಲ್ಲಲೂ ಜಾಗವಿರಲಿಲ್ಲ. ಮಾಲಿನವರು ಇಡೀ ಸೀಸನ್ನಿಗೆ ಒಪ್ಪಿದರು. ಸಯೀದ್ ನನ್ನನ್ನು ಅಪ್ಪಿಕೊಂಡು ಅತ್ತೇಬಿಟ್ಟ. ನನ್ನ ಕಣ್ಣೂ ಒದ್ದೆಯಾಯಿತು. ಚಳಿಗೆ ಎಂದು ವಸಂತಿಗೆ ಹೇಳಿದೆ.

ಫೈನಲ್ ಪಂದ್ಯ ಶುರುಮಾಡುವ ಗೌರವ ನನಗೇ ಬಂತು. ಕೋಟು ಹಾಕಿ, ಹಾಸಿದ ರತ್ನಗಂಬಳಿಯ ಮೇಲೆ ನಡೆದು, ಇಬ್ಬರು ನಾಯಕರ ನಡುವೆ ರಬ್ಬರಿನ ಬಿಲ್ಲೆ ಬೀಳಿಸಿದೆ. ಅವರು ಚೆಂಡಿನ ಬದಲು ಆಡುವುದು ಅದರಲ್ಲಿ. ಚಪ್ಪಾಳೆಗೆ ಕೈಮುಗಿಯುತ್ತಾ ನಿಂತವನು ತಿರುಗಿ ನೋಡಿದರೆ ರತ್ನಗಂಬಳಿ ಸುತ್ತಿಟ್ಟಾಗಿತ್ತು. ಜಾರುತ್ತಿದ್ದ ನನ್ನನ್ನು ಹಿಡಿದು ಒಬ್ಬರು ಹತ್ತಿರದ ಪುಟ್ಟ ಬಾಗಿಲು ತೆರೆದು, ಒಂದು ಕಂಬಳಿ ಕೊಟ್ಟು ಕೂರಿಸಿದರು. ಅಂಗಳಕ್ಕೆ ತಾಗಿದಂತೆ ಗಾಜಿನ ಕೋಣೆ, ನನಗೊಬ್ಬನಿಗೇ! ಇಡೀ ಸಭೆಗೆ ಕೈ ಬೀಸಿದೆ. ಸ್ವಲ್ಪ ಹೊತ್ತಿಗೆ ಬೆವರಿಳಿಯುತ್ತಿದ್ದ ದೈತ್ಯ ಆಟಗಾರನೊಬ್ಬ ಬಂದು ತಲೆತಗ್ಗಿಸಿ ಪಕ್ಕದಲ್ಲಿ ಕೂತ. ನಾನು ಅಕ್ಕರೆಯಿಂದ ಕಂಬಳಿ ಹೊದಿಸಿದೆ. ಎರಡು ನಿಮಿಷ ಕೂತು ಹೋದ. ಆಮೇಲೆ ಇನ್ನೊಬ್ಬ, ಮತ್ತೊಬ್ಬ. ಆಟದ ಮಧ್ಯೆಯೂ ಬಿಡುವು ಮಾಡಿಕೊಂಡು ಬಂದು ಗೌರವ ಸಲ್ಲಿಸುತ್ತಿದ್ದಾರಲ್ಲ, ಎಂಥ ಸಂಸ್ಕಾರ ಎಂದುಕೊಂಡೆ.

ಮನೆಗೆ ಮರಳುವಾಗ ಇದನ್ನೇ ವರ್ಣಿಸುತ್ತಿದ್ದೆ. ದಿಶಾ ಮೆಲ್ಲಗೆ ಹೇಳಿದಳು: "ಅಪ್ಪಾ, ದಟ್ಸ್ ದ ಪೆನಾಲ್ಟಿ ಬಾಕ್ಸ್. ಫೌಲ್ ಮಾಡಿದವ್ರನ್ನು ಕೂರಿಸೋ ಜಾಗ." ಮೂರು ಸಿಗ್ನಲ್ ದಾಟುವವರೆಗೂ ವಸಂತಿಯ ನಗು ನಿಲ್ಲಲಿಲ್ಲ.

ಆ ದಿನದ ಫೋಟೊ ಈಗ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕಟ್ಟು ಹಾಕಿಸಿ ತೂಗುಹಾಕಿದ್ದೇನೆ: ಗಾಜಿನ ಕೋಣೆಯಲ್ಲಿ ನಾನು, ಪಕ್ಕದಲ್ಲಿ ತಲೆತಗ್ಗಿಸಿದ ದೈತ್ಯ. "ಇದು ಯಾರು?" ಎಂದು ಗಿರಾಕಿಗಳು ಕೇಳುತ್ತಾರೆ. "ಆಶೀರ್ವಾದಕ್ಕೆ ಬಂದಿದ್ದ," ಎನ್ನುತ್ತೇನೆ. ವಸಂತಿ ಅಂಗಡಿಯಲ್ಲಿಲ್ಲ ಎಂದು ಖಚಿತಪಡಿಸಿಕೊಂಡ ಮೇಲೆ.